ಹಂಗಿಲ್ಲದ ಮನೆ: ಆಗ್ಸ್‌ಬರ್ಗಿನ ಫುಗ್ಗೆರೈ ಮತ್ತು ಐದು ಶತಮಾನದ ಒಂದು ದತ್ತಿ



ದತ್ತಿಯೊಂದರ ನೆರಳಿನಲ್ಲಿ ನಡೆಯುವ ಈ ಉಪನ್ಯಾಸಕ್ಕೆ ದತ್ತಿಯನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ. ನಮ್ಮ ನಾಡಿನಲ್ಲಿ ಭೂಮಿಯನ್ನೋ ಹೊನ್ನನ್ನೋ ಸುಂಕದ ಪಾಲನ್ನೋ ಬಿಟ್ಟುಕೊಟ್ಟವರು, ಆ ಧರ್ಮ ಸೂರ್ಯಚಂದ್ರರಿರುವವರೆಗೆ ನಡೆಯಲಿ ಎಂದು ಕಲ್ಲಿನಲ್ಲಿ ಬರೆಸಿದರು. ಅದನ್ನು ಕೆಡಿಸಿದವರಿಗೆ ತಟ್ಟುವ ಪಾಪವನ್ನೂ ಅದೇ ಕಲ್ಲಿನ ಕೊನೆಯಲ್ಲಿ ಕೆತ್ತಿಸಿದರು. ಕಲ್ಲುಗಳು ಸಾವಿರಗಟ್ಟಲೆ ಉಳಿದಿವೆ. ಅವುಗಳಲ್ಲಿ ಹೇಳಿದ ಅನ್ನ, ದೀಪ, ವಿದ್ಯೆ ಬಹುಮಟ್ಟಿಗೆ ನಿಂತುಹೋಗಿವೆ. ನಿಂತದ್ದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ: ರಾಜ್ಯ ಬಿದ್ದಿರುತ್ತದೆ, ಭೂಮಿ ಕೈ ಬದಲಾಗಿರುತ್ತದೆ, ಕಾಯಬೇಕಾದವರೇ ಉಂಡು ಮುಗಿಸಿರುತ್ತಾರೆ. ಆದರೆ ಬಡವರಿಗೆಂದು ಕಟ್ಟಿಸಿದ ಮನೆಗಳ ಒಂದು ಧರ್ಮ, ಎರಡು ಯುದ್ಧಗಳಲ್ಲಿ ಬಹುಪಾಲು ನೆಲಕಚ್ಚಿಯೂ, ಐನೂರು ವರ್ಷಗಳ ನಂತರ ಅದೇ ಜಾಗದಲ್ಲಿ ಅದೇ ಕೆಲಸವನ್ನು ಮಾಡುತ್ತಿದೆ ಎಂದಾದರೆ, ಅದು ಹೇಗೆ ಸಾಧ್ಯವಾಯಿತು ಎಂದು ಕೇಳಲೇಬೇಕಾಗುತ್ತದೆ.

ಆ ಧರ್ಮದ ಹೆಸರು ಫುಗ್ಗೆರೈ. ಅದು ಇರುವುದು ದಕ್ಷಿಣ ಜರ್ಮನಿಯ ಬವೇರಿಯ ರಾಜ್ಯದ ಆಗ್ಸ್‌ಬರ್ಗ್ ನಗರದಲ್ಲಿ, ಹಿಂದೆ ಕುಶಲಕರ್ಮಿಗಳ ಹೊರಪೇಟೆಯಾಗಿದ್ದ ಯಾಕೋಬರ್ ಎಂಬ ಭಾಗದಲ್ಲಿ. ಕಟ್ಟಿಸಿದವನು ಯಾಕೋಬ್ ಫುಗ್ಗರ್ (1459–1525). ಅವನ ಕಾಲದವರೇ ಅವನನ್ನು ಶ್ರೀಮಂತ ಯಾಕೋಬ್ ಎಂದು ಕರೆದರು. 1514ರಲ್ಲಿ ನೆಲ ಕೊಳ್ಳಲು ಆರಂಭಿಸಿ, 1516ರಲ್ಲಿ ನಗರದೊಡನೆ ಕರಾರು ಮಾಡಿಕೊಂಡು, 1521ರ ಆಗಸ್ಟ್ 23ರಂದು ದತ್ತಿಪತ್ರಕ್ಕೆ ಮುದ್ರೆ ಒತ್ತಿದ. ಥಾಮಸ್ ಕ್ರೆಬ್ಸ್ ಎಂಬ ಕಟ್ಟಡಗಾರನ ಉಸ್ತುವಾರಿಯಲ್ಲಿ 1523ರ ಹೊತ್ತಿಗೆ 52 ಮನೆಗಳು ಎದ್ದಿದ್ದವು. ಇಂದು ಅಲ್ಲಿ 67 ಮನೆಗಳಿವೆ, ಅವುಗಳಲ್ಲಿ 140 ವಾಸದ ಘಟಕಗಳು. ಸುಮಾರು 150 ಜನ ಬಾಳುತ್ತಿದ್ದಾರೆ. ವರ್ಷದ ಬಾಡಿಗೆ ದತ್ತಿಪತ್ರದಲ್ಲಿ ಗೊತ್ತುಮಾಡಿದಂತೆ ಒಂದು ರೈನ್ ಗುಲ್ಡನ್. ನಾಣ್ಯಗಳು ಬದಲಾಗುತ್ತ ಬಂದಂತೆ ಅದು 1 ಮಾರ್ಕ್ 72 ಫೆನಿಗ್ ಆಯಿತು, ಈಗ 88 ಯೂರೊ ಸೆಂಟ್. ತಿಂಗಳಿಗಲ್ಲ, ವರ್ಷಕ್ಕೆ. ಬೆಳಕು, ನೀರು, ಶಾಖದ ಖರ್ಚು ಮಾತ್ರ ಬೇರೆ.

ಈ ಬಾಡಿಗೆಯ ಸುದ್ದಿಯೇ ಫುಗ್ಗೆರೈಯನ್ನು ಜಗತ್ತಿಗೆ ಪರಿಚಯಿಸಿದೆ. ಬಹುತೇಕ ಪ್ರವಾಸ ಬರಹಗಳು ಅಲ್ಲಿಗೇ ನಿಲ್ಲುತ್ತವೆ. ನಾವು ಅದಕ್ಕಿಂತ ಸ್ವಲ್ಪ ಹಿಂದಕ್ಕೂ ಒಳಕ್ಕೂ ಹೋಗಬೇಕಾಗಿದೆ.

ಮೊದಲು ಹಣದ ಮೂಲ. ಯಾಕೋಬನ ತಾತ ಹಾನ್ಸ್ ಫುಗ್ಗರ್ ನೇಕಾರ. 1367ರಲ್ಲಿ ಹಳ್ಳಿಯಿಂದ ಆಗ್ಸ್‌ಬರ್ಗಿಗೆ ಬದುಕು ಅರಸಿ ಬಂದವನು. ಮೊಮ್ಮಗನ ಕಾಲಕ್ಕೆ ಮನೆತನ ಬಟ್ಟೆಯ ವ್ಯಾಪಾರವನ್ನು ದಾಟಿ ಟಿರೋಲಿನ ಬೆಳ್ಳಿಗೆ, ಇಂದಿನ ಸ್ಲೊವಾಕಿಯದ ತಾಮ್ರದ ಗಣಿಗಳಿಗೆ, ಅರಸರಿಗೂ ಧರ್ಮಗುರುಗಳಿಗೂ ಸಾಲ ಕೊಡುವ ವ್ಯವಹಾರಕ್ಕೆ ಕೈ ಚಾಚಿತ್ತು. 1519ರಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿಯಾಗಿ ಆಯ್ಕೆಯಾಗಲು ಮತದಾರ ಪ್ರಭುಗಳಿಗೆ ಹಂಚಿದ ಸುಮಾರು 8,52,000 ಗುಲ್ಡನ್‌ನಲ್ಲಿ 5,43,000ಕ್ಕೂ ಹೆಚ್ಚು ಫುಗ್ಗರ್ ಖಜಾನೆಯಿಂದ ಬಂದದ್ದು. ಮೈನ್ಸ್‌ನ ಆರ್ಚ್‌ಬಿಷಪ್ ಪದವಿಗಾಗಿ ಬ್ರಾಂಡೆನ್‌ಬುರ್ಗಿನ ಆಲ್ಬ್ರೆಕ್ಟ್ ಮಾಡಿದ ಸಾಲವೂ ಇವರದೇ. ಅದನ್ನು ತೀರಿಸಲೆಂದು ಪಾಪವಿಮೋಚನೆಯ ಪತ್ರಗಳನ್ನು ಮಾರಿದಾಗ ಪೆಟ್ಟಿಗೆಯ ಪಕ್ಕದಲ್ಲಿ ಫುಗ್ಗರ್ ಗುಮಾಸ್ತರು ನಿಂತಿದ್ದರು. ಆ ಮಾರಾಟವೇ ಮಾರ್ಟಿನ್ ಲೂಥರನನ್ನು ಕೆರಳಿಸಿತು. 1520ರಲ್ಲಿ ಜರ್ಮನ್ ಪ್ರಭುಗಳಿಗೆ ಬರೆದ ಪ್ರಸಿದ್ಧ ಹೊತ್ತಗೆಯಲ್ಲಿ, ಫುಗ್ಗರರಂಥವರ ಬಾಯಿಗೆ ಕಡಿವಾಣ ಹಾಕಬೇಕೆಂದು ಅವನು ಹೆಸರು ಹಿಡಿದೇ ಹೇಳಿದ. ರೈತರು ದಂಗೆಯೆದ್ದ 1525ರಲ್ಲಿ ಅವರನ್ನು ಅಡಗಿಸಿದ ಸೇನೆಗೂ ಇದೇ ಮನೆತನದ ಹಣ ಹೋಯಿತು.

ಈ ಹಣದ ಹಾದಿ ನಮ್ಮ ಕರಾವಳಿಯನ್ನೂ ಮುಟ್ಟಿತ್ತು ಎಂಬುದನ್ನು ಕನ್ನಡದ ಕೇಳುಗರ ಮುಂದೆ ಹೇಳದೆ ಮುಂದೆ ಹೋಗಲಾರೆ. 1505ರಲ್ಲಿ ಪೋರ್ಚುಗಲ್ ತನ್ನ ಮೊದಲ ವೈಸ್‌ರಾಯ್ ಫ್ರಾನ್ಸಿಸ್ಕೊ ಡ ಅಲ್ಮೇಡನನ್ನು ಭಾರತಕ್ಕೆ ಕಳಿಸಿದಾಗ, ಆ ನೌಕಾಪಡೆಯ ಮೂರು ಹಡಗುಗಳಲ್ಲಿ ದಕ್ಷಿಣ ಜರ್ಮನಿಯ ವರ್ತಕರು ಬಂಡವಾಳ ಹೂಡಿದ್ದರು. ದೊಡ್ಡ ಪಾಲು ಆಗ್ಸ್‌ಬರ್ಗಿನದೇ ಆದ ವೆಲ್ಸರ್ ಮನೆತನದ್ದು. ಫುಗ್ಗರರೂ ಅದರಲ್ಲಿ ಪಾಲುದಾರರು. ಆ ವರ್ಷದ ಸೆಪ್ಟೆಂಬರಿನಲ್ಲಿ ಪಡೆ ಕಾರವಾರದ ಎದುರಿನ ಅಂಜದೀವ ದ್ವೀಪಕ್ಕೆ ಬಂದು ಕೋಟೆ ಕಟ್ಟಲು ತೊಡಗಿತು. ಅಕ್ಟೋಬರಿನಲ್ಲಿ ಹೊನ್ನಾವರದ ಬಂದರಿನ ಮೇಲೆ ಬಿದ್ದು ಬೆಂಕಿಯಿಟ್ಟಿತು. ಲಿಸ್ಬನ್ನಿಗೆ ಹೋದ ಮಧ್ಯ ಯುರೋಪಿನ ತಾಮ್ರ ಹಡಗೇರಿ ನಮ್ಮ ಕಡಲತೀರಕ್ಕೆ ಬರುತ್ತಿತ್ತು, ಇಲ್ಲಿನ ಮೆಣಸು ಆಂಟ್‌ವರ್ಪ್ ಮತ್ತು ಆಗ್ಸ್‌ಬರ್ಗಿನ ಉಗ್ರಾಣಗಳಿಗೆ ಹೋಗುತ್ತಿತ್ತು. ಫುಗ್ಗೆರೈಯ ಇಟ್ಟಿಗೆಗೆ ಹೊನ್ನಾವರದ ಹಣ ಸೇರಿತೆಂದು ಲೆಕ್ಕ ತೋರಿಸಿ ಹೇಳಲು ಬಾರದು. ಆ ಇಟ್ಟಿಗೆ ಕೊಂಡ ಖಜಾನೆಯ ವ್ಯಾಪ್ತಿಯೊಳಗೆ ಹೊನ್ನಾವರವೂ ಇತ್ತು ಎಂಬಷ್ಟು ನಿಜ.

ಹಾಗಾದರೆ ಇಂಥ ಹಣದ ದಾನವನ್ನು ದಾನವೆನ್ನಬಹುದೆ? ಈ ಪ್ರಶ್ನೆಯನ್ನು ಬದಿಗೆ ಸರಿಸುವುದು ಪ್ರಾಮಾಣಿಕವಲ್ಲ. ಯಾಕೋಬನಿಗೆ ತನ್ನ ಆತ್ಮದ ಚಿಂತೆ ಇತ್ತು. ಬಡ್ಡಿಯ ಗಳಿಕೆ ಪಾಪವೆಂದು ಚರ್ಚು ಬೋಧಿಸುತ್ತಿದ್ದ ಕಾಲವದು. ಸಂಸ್ಥೆಯ ಲೆಕ್ಕದ ಪುಸ್ತಕಗಳಲ್ಲಿ ನಗರದ ರಕ್ಷಕ ಸಂತ ಉಲ್ರಿಕ್‌ನ ಹೆಸರಿನಲ್ಲೊಂದು ಖಾತೆಯನ್ನೇ ತೆರೆದು, ಧರ್ಮಕಾರ್ಯದ ಹಣವನ್ನು ಅಲ್ಲಿ ಜಮೆ ಮಾಡುತ್ತಿದ್ದರು. ಇತಿಹಾಸಕಾರರಲ್ಲಿ ಕೆಲವರು ಇದನ್ನು ಪರಲೋಕದ ವ್ಯಾಪಾರ ಎಂದು ಬಗೆದಿದ್ದಾರೆ. ನನ್ನ ಅಭಿಪ್ರಾಯ ಬೇರೆ. ದಾನಿಯ ಉದ್ದೇಶ ಅವನೊಡನೆ ಮಣ್ಣಾಗುತ್ತದೆ. ಉಳಿಯುವುದು ಅವನು ಕಟ್ಟಿದ ಏರ್ಪಾಡು. ಹಣ ಬಂದ ದಾರಿಗೆ ಅವನೇ ಹೊಣೆ, ಆ ಹೊಣೆಯನ್ನು ದತ್ತಿಪತ್ರ ತೊಳೆಯುವುದಿಲ್ಲ. ಆದರೆ ಆ ಸಂತನ ಖಾತೆಯಲ್ಲಿ ಒಂದು ದೊಡ್ಡ ವಿವೇಕವೂ ಅಡಗಿತ್ತು: ಧರ್ಮದ ಹಣ ವ್ಯಾಪಾರದ ಹಣದಿಂದ ಬೇರೆಯಾಗಿ ನಿಂತಿತು. ಅದರ ಬೆಲೆ ಏನೆಂದು ಮುಂದೆ ನೋಡೋಣ.

1521ರ ಪತ್ರ ಮೂರು ಧರ್ಮಗಳನ್ನು ಒಟ್ಟಿಗೆ ಸ್ಥಾಪಿಸಿತು. ಸೇಂಟ್ ಆನಾ ಚರ್ಚಿನಲ್ಲಿ ಮನೆತನದ ಸಮಾಧಿ ಮಂಟಪ ಒಂದು. ಸೇಂಟ್ ಮೋರಿಟ್ಸ್ ಚರ್ಚಿನಲ್ಲಿ ಬೋಧಕನ ಪೀಠ ಇನ್ನೊಂದು. ಮೂರನೆಯದು ಬಡವರ ಮನೆಗಳು. ತನ್ನ ಹೆಸರಿನಲ್ಲೂ, ತೀರಿಹೋದ ಅಣ್ಣಂದಿರಾದ ಉಲ್ರಿಕ್ ಮತ್ತು ಗಿಯೋರ್ಗರ ಹೆಸರಿನಲ್ಲೂ ಅವನು ಇದನ್ನು ಬರೆಸಿದ. ಮಕ್ಕಳಿಲ್ಲದ ಯಾಕೋಬ್ ಅತ್ಯಂತ ಆಸ್ಥೆಯಿಂದ ಕಟ್ಟಿಸಿದ್ದು ಸಮಾಧಿ ಮಂಟಪವನ್ನು ಎಂದೇ ತೋರುತ್ತದೆ. ಆ ನಗರಕ್ಕೆ ಇಟಲಿಯ ಹೊಸ ಶೈಲಿಯನ್ನು ತಂದ ಕಟ್ಟಡವದು. ಕೆಲವೇ ದಶಕಗಳಲ್ಲಿ ಆ ಚರ್ಚು ಲೂಥರನ ಅನುಯಾಯಿಗಳದಾಯಿತು. ಹಳೆಯ ಮತಕ್ಕೆ ಕೊನೆಯವರೆಗೂ ಅಂಟಿಕೊಂಡಿದ್ದ ಯಾಕೋಬ್ ಇಂದಿಗೂ ಲೂಥರನ್ ಚರ್ಚಿನೊಳಗೇ ಮಲಗಿದ್ದಾನೆ. ಮೂರು ಧರ್ಮಗಳಲ್ಲಿ ಜಗತ್ತು ನೆನಪಿಟ್ಟದ್ದು ನೇಕಾರರ ಕೇರಿಯ ಪಕ್ಕದ ಸಾದಾ ಮನೆಗಳನ್ನು.

ಆ ಮನೆಗಳು ಯಾರಿಗಾಗಿ? ಇಲ್ಲಿಯೇ ಈ ದತ್ತಿಯ ತಿರುಳಿದೆ ಎಂದು ನಾನು ತಿಳಿದಿದ್ದೇನೆ.

ಯುರೋಪಿನ ಮಧ್ಯಯುಗದ ಧರ್ಮಾಲಯಗಳ ಸಾಮಾನ್ಯ ರೂಪ ಒಂದು ದೊಡ್ಡ ಹಜಾರ. ಒಂದು ತುದಿಯಲ್ಲಿ ಪೂಜಾಪೀಠ, ಎರಡೂ ಬದಿಗೆ ಸಾಲು ಹಾಸಿಗೆಗಳು, ಒಟ್ಟಿಗೆ ಊಟ, ಗಂಟೆ ಬಾರಿಸಿದಾಗ ಪ್ರಾರ್ಥನೆ. ಮುದುಕರು, ರೋಗಿಗಳು, ಅನಾಥರು, ದಾರಿಹೋಕರು ಎಲ್ಲರೂ ಅಲ್ಲಿಯೇ. ಅಲ್ಲಿ ಅನ್ನವಿತ್ತು, ಆರೈಕೆಯೂ ಇತ್ತು, ಕದ ಮುಚ್ಚಿಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ. ಫುಗ್ಗೆರೈಯ ಪತ್ರ ಬೇರೆಯೇ ಒಂದು ವರ್ಗವನ್ನು ಗುರುತಿಸಿತು. ಕೂಲಿ ಮಾಡುವವರು, ಕೈಕಸುಬಿನವರು, ದುಡಿದರೂ ಸಾಲದೆ ಬಡತನಕ್ಕೆ ಜಾರಿದವರು, ಆದರೆ ಬೀದಿಯಲ್ಲಿ ಕೈಯೊಡ್ಡದವರು. ಮನೆಯೊಳಗೇ ಬಡತನವನ್ನು ನುಂಗಿಕೊಂಡು ಕೂರುವ ಮರ್ಯಾದಸ್ಥರು ಪ್ರತಿ ಊರಿನಲ್ಲೂ ಇರುತ್ತಾರೆ, ನಮ್ಮ ಊರುಗಳಲ್ಲೂ ಇದ್ದಾರೆ. ಭಿಕ್ಷೆ ಬೇಡುವವನಿಗೆ ಒಂದು ತುತ್ತಾದರೂ ಸಿಕ್ಕೀತು; ಇವರ ಹಸಿವು ಯಾರ ಕಣ್ಣಿಗೂ ಬೀಳುವುದಿಲ್ಲ. ಅಂದಿನ ಆಗ್ಸ್‌ಬರ್ಗಿನಲ್ಲಿ ಇಂಥವರು ಬಹಳ. ನೇಕಾರಿಕೆಯ ಊರು, ಹತ್ತಿಯ ಬೆಲೆ ಏರಿದರೆ ಅಥವಾ ಬಟ್ಟೆಯ ಬೇಡಿಕೆ ಇಳಿದರೆ ಮಗ್ಗ ನಿಲ್ಲುತ್ತಿತ್ತು, ಮಗ್ಗದ ಜೊತೆ ಒಲೆಯೂ. 1522ರಲ್ಲಿ ನಗರಸಭೆ ಬಡವರ ಪೋಷಣೆಗೆ ಹೊಸ ಕಟ್ಟಳೆ ತಂದು, ಬೀದಿಯ ಭಿಕ್ಷೆಗೆ ಕಡಿವಾಣ ಹಾಕಿ, ದಾನದ ಹಂಚಿಕೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಬಡತನ ಯಾರ ಹೊಣೆ ಎಂಬ ಚರ್ಚೆ ಆ ನಗರದಲ್ಲಿ ಬಿಸಿಯಾಗಿದ್ದ ವರ್ಷಗಳಲ್ಲೇ ಫುಗ್ಗೆರೈ ಹುಟ್ಟಿತು.

ಆ ವರ್ಗಕ್ಕೆ ಬೇಕಾದದ್ದು ಅನ್ನದ ಸಾಲು ಆಗಿರಲಿಲ್ಲ, ಕಾಲೂರಲು ನೆಲೆ. ಆದ್ದರಿಂದ ಕಟ್ಟಿದ್ದೂ ಹಜಾರವನ್ನಲ್ಲ, ಬಿಡಿಬಿಡಿ ಮನೆಗಳನ್ನು. ಸಾಲುಮನೆಗಳ ಪ್ರತಿ ಮನೆಯಲ್ಲೂ ಕೆಳಗೊಂದು ಒಕ್ಕಲು, ಮೇಲೊಂದು ಒಕ್ಕಲು. ಮೇಲಿನವರು ಕೆಳಗಿನವರ ಅಂಗಳ ಹಾಯದೆ ನೇರವಾಗಿ ಬೀದಿಯಿಂದಲೇ ಏರಿಹೋಗುವಂತೆ ಬೇರೆ ಬಾಗಿಲು, ಬೇರೆ ಮೆಟ್ಟಿಲು. ಕೆಳಗಿನವರಿಗೆ ಹಿತ್ತಿಲ ತುಂಡು, ಮೇಲಿನವರಿಗೆ ಅಟ್ಟ. ಒಳಗೆ ಅಡುಗೆಮನೆ, ಕೂರುವ ಕೋಣೆ, ಮಲಗುವ ಕೋಣೆ. ಎಲ್ಲ ಸೇರಿ ಸುಮಾರು 60 ಚದರ ಮೀಟರ್. ಇಂದಿನ ನಮ್ಮ ನಗರಗಳ ಆಶ್ರಯ ಮನೆಗಳ ಅಳತೆ ಗೊತ್ತಿರುವವರಿಗೆ ಈ ಸಂಖ್ಯೆ ಏನು ಹೇಳುತ್ತದೆಂದು ವಿವರಿಸಬೇಕಿಲ್ಲ. ಕುಶಲಕರ್ಮಿ ಅಲ್ಲಿಯೇ ತನ್ನ ಕಸುಬು ಮಾಡಬಹುದಿತ್ತು, ಮಕ್ಕಳನ್ನು ಬೆಳೆಸಬಹುದಿತ್ತು. ಕಾಲ ಸುಧಾರಿಸಿದರೆ ಮನೆ ಬಿಟ್ಟು ಹೊರಗಿನ ಬದುಕಿಗೆ ಮರಳಬಹುದಿತ್ತು.

ಇದನ್ನೆಲ್ಲ ಒಂದೇ ವಸ್ತುವಿನಲ್ಲಿ ನೋಡಬೇಕೆಂದರೆ ಬಾಗಿಲ ಪಕ್ಕದ ಗಂಟೆಯ ಹಿಡಿಯನ್ನು ನೋಡಬೇಕು. ಕಬ್ಬಿಣದ ಸಣ್ಣ ಸರಳು, ಎಳೆದರೆ ಒಳಗೆ ಗಂಟೆ ಅಲುಗುತ್ತದೆ. ಸರಳಿನ ತುದಿಯ ಆಕಾರ ಬಾಗಿಲಿನಿಂದ ಬಾಗಿಲಿಗೆ ಬೇರೆ: ಒಂದರಲ್ಲಿ ಮೂರೆಲೆಯ ಕ್ಲೋವರ್, ಇನ್ನೊಂದರಲ್ಲಿ ಪೈನ್ ಮರದ ಕಾಯಿ. ಓಣಿಗಳಲ್ಲಿ ದೀಪವಿಲ್ಲದ ಕಾಲದಲ್ಲಿ ರಾತ್ರಿ ಮನೆಗೆ ಬರುವವನು ಕೈಯಿಂದ ತಡವಿ ತನ್ನ ಬಾಗಿಲನ್ನು ಗುರುತು ಹಿಡಿಯಲಿ ಎಂದು ಮಾಡಿದ ಉಪಾಯ ಎಂಬುದು ರೂಢಿಯ ವಿವರಣೆ. ಹೊರನೋಟಕ್ಕೆ ಎಲ್ಲ ಮನೆಗಳೂ ಒಂದೇ. ಹಳದಿ ಬಣ್ಣದ ಗೋಡೆ, ಹಸಿರು ಕಿಟಕಿಬಾಗಿಲು, ಕೆಂಪು ಹೆಂಚು. ಬಾಗಿಲ ಮೇಲೆ ಗೋಥಿಕ್ ಅಂಕಿಯಲ್ಲಿ ಮನೆಯ ಸಂಖ್ಯೆ. ಆ ನಗರದಲ್ಲಿ ಮನೆಗೆ ಸಂಖ್ಯೆ ಹಾಕಿದ ಅತಿ ಹಳೆಯ ನಿದರ್ಶನಗಳಲ್ಲಿ ಇದೂ ಒಂದು. ಬಡವರನ್ನು ಒಂದು ಗುಂಪಾಗಿ ಎಣಿಸುವುದು ಧರ್ಮಸಂಸ್ಥೆಗಳಿಗೆ ಸುಲಭದ ದಾರಿ. ಇಲ್ಲಿ ಒಬ್ಬೊಬ್ಬರಿಗೂ ಒಂದೊಂದು ವಿಳಾಸ ಸಿಕ್ಕಿತು.

ಇನ್ನು ಆ ಒಂದು ಗುಲ್ಡನ್. ಸಾವಿರಾರು ಗುಲ್ಡನ್ ಖರ್ಚು ಮಾಡಿ ಮನೆ ಕಟ್ಟಿಸಿದವನಿಗೆ ವರ್ಷಕ್ಕೊಂದು ಗುಲ್ಡನ್ ಏಕೆ ಬೇಕಿತ್ತು? ಕೂಲಿಯವನಿಗೆ ಅದು ಅಂದಿನ ಲೆಕ್ಕದಲ್ಲಿ ತೀರ ಹಗುರದ ಮೊತ್ತವೂ ಅಲ್ಲ, ಕೈಗೆಟುಕದ್ದೂ ಅಲ್ಲ. ಅದನ್ನು ಕೊಟ್ಟವನು ಬಾಡಿಗೆದಾರ, ಭಿಕ್ಷುಕನಲ್ಲ. ಅವನ ಹೆಸರು ಲೆಕ್ಕದ ಪುಸ್ತಕದಲ್ಲಿ ಕೊಟ್ಟವರ ಸಾಲಿನಲ್ಲಿ ಬರುತ್ತದೆ, ಪಡೆದವರ ಸಾಲಿನಲ್ಲಲ್ಲ. ಪುಕ್ಕಟೆ ಕೊಡುವುದಕ್ಕಿಂತ ಅತಿ ಕಡಿಮೆಗೆ ಕೊಡುವುದು ಹೆಚ್ಚು ಗೌರವದ ದಾನ ಎಂದು ನಾನು ನಂಬುತ್ತೇನೆ. ಹಂಗಿನ ಅನ್ನ ಗಂಟಲಿಗಿಳಿಯುವುದಿಲ್ಲ ಎನ್ನುವ ನಮ್ಮ ಜನಕ್ಕೆ ಈ ಮಾತು ಹೊಸದಲ್ಲ.

ಬಾಡಿಗೆಯ ಇನ್ನೊಂದು ಭಾಗ ಹಣದಲ್ಲಿರಲಿಲ್ಲ. ದಿನಕ್ಕೆ ಮೂರು ಪ್ರಾರ್ಥನೆಗಳನ್ನು ನಿವಾಸಿಗಳು ದಾನಿಗಾಗಿಯೂ ಅವನ ಮನೆತನಕ್ಕಾಗಿಯೂ ಹೇಳಬೇಕು: ಕ್ರಿಸ್ತ ಕಲಿಸಿದ ಪ್ರಾರ್ಥನೆ, ಮರಿಯಮ್ಮನಿಗೆ ನಮನ, ವಿಶ್ವಾಸದ ಸಂಗ್ರಹ. ಈ ಷರತ್ತು ಇಂದಿಗೂ ಇದೆ. ಹೇಳಿದರೋ ಇಲ್ಲವೋ ಎಂದು ಯಾರೂ ಮನೆಬಾಗಿಲಿಗೆ ಬಂದು ಕೇಳುವುದಿಲ್ಲ. ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು. ಇಂದಿನ ಮನಸ್ಸಿಗೆ ಇದು ಮುಜುಗರದ ಷರತ್ತಾಗಿ ಕಂಡೀತು. ಆದರೆ ಅಂದಿನ ನಂಬಿಕೆಯ ಒಳಗಿನಿಂದ ನೋಡಿದರೆ, ದೇಶದ ಅತಿ ದೊಡ್ಡ ಶ್ರೀಮಂತ ತನ್ನ ಸದ್ಗತಿಗಾಗಿ ಕೂಲಿಯವನ ಬಾಯ ಮಾತನ್ನು ಬೇಡುತ್ತಿದ್ದ. ಆತ್ಮದ ಲೆಕ್ಕದಲ್ಲಿ ಕೊಡುವವನು ಬಡವ, ಪಡೆಯುವವನು ಫುಗ್ಗರ್. ಕೊಡುಕೊಳೆ ಎರಡು ಕಡೆಯಿಂದಲೂ ನಡೆಯಿತು.

ಮತದ ಷರತ್ತು ಮಾತ್ರ ನನ್ನನ್ನು ಕಾಡುತ್ತದೆ. ನಗರ ಎರಡು ಪಂಗಡಗಳಾಗಿ ಒಡೆದ ಮೇಲೆ ಫುಗ್ಗೆರೈ ಕ್ಯಾಥೊಲಿಕರ ನೆಲೆಯಾಗಿಯೇ ಉಳಿಯಿತು. ನೆರೆಯ ಸೇಂಟ್ ಯಾಕೋಬ್ ಚರ್ಚು ಲೂಥರನ್ನರದಾದ್ದರಿಂದ 1581–82ರಲ್ಲಿ ಹಾನ್ಸ್ ಹೋಲ್ ಎಂಬ ಕಟ್ಟಡಗಾರ ಒಳಗೇ ಸೇಂಟ್ ಮಾರ್ಕನ ಪುಟ್ಟ ಚರ್ಚನ್ನು ಕಟ್ಟಿದ. ಇಂದಿಗೂ ಮನೆ ಬೇಡುವವರು ಆಗ್ಸ್‌ಬರ್ಗಿನವರಾಗಿರಬೇಕು, ಕಷ್ಟದಲ್ಲಿರಬೇಕು, ಕ್ಯಾಥೊಲಿಕರಾಗಿರಬೇಕು. ದತ್ತಿಪತ್ರದ ಮಾತನ್ನು ಮೀರಲಾರೆವು ಎಂಬುದು ಕಾಯುವವರ ವಾದ, ಆ ನಿಷ್ಠೆಯಿಂದಲೇ ಬಾಡಿಗೆಯೂ ಉಳಿದಿದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಹಸಿವಿಗೆ ಪಂಗಡವಿಲ್ಲ. ನಮ್ಮ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ಇಲ್ಲಿ ನೆನಪಾಗುತ್ತದೆ. ದೀನರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಜೈನ ಕ್ಷಪಣಕರು, ಬೇರೆಬೇರೆ ದಾರಿಯ ಸನ್ಯಾಸಿಗಳು ಎಲ್ಲರಿಗೂ ಅಲ್ಲಿ ಅನ್ನವಿತ್ತು, ದಿಕ್ಕಿಲ್ಲದ ರೋಗಿಗಳಿಗೆ ಔಷಧವಿತ್ತು ಎಂದು ಅದು ಸಾರುತ್ತದೆ. ಅದು ಕಾಳಾಮುಖ ಶೈವರ ಮಠ. ಆದರೆ ಪಂಕ್ತಿಯಲ್ಲಿ ಕೂರಲು ಶೈವನಾಗಿರಬೇಕೆಂಬ ಷರತ್ತು ಅಲ್ಲಿ ಕಾಣುವುದಿಲ್ಲ. ಹೃದಯದ ವಿಸ್ತಾರದಲ್ಲಿ ಬಳ್ಳಿಗಾವೆಯೇ ಮುಂದು. ಇಂದು ಅಲ್ಲಿ ಕೇದಾರೇಶ್ವರ ದೇವಾಲಯವಿದೆ, ಪಂಕ್ತಿ ಇಲ್ಲ.

ಫುಗ್ಗೆರೈಯಲ್ಲಿ ಔಷಧಕ್ಕೂ ಒಂದು ಜಾಗವಿತ್ತು. ಹೊಸದಾಗಿ ಹಬ್ಬಿದ್ದ ಸಿಫಿಲಿಸ್ ರೋಗಿಗಳಿಗಾಗಿ 1520ರ ದಶಕದಲ್ಲಿ ಕೆಲವು ಮನೆಗಳನ್ನು ಮೀಸಲಿಟ್ಟು ಅದನ್ನು ‘ಮರದ ಮನೆ’ ಎಂದು ಕರೆದರು, ಏಕೆಂದರೆ ಅಮೆರಿಕದಿಂದ ತರಿಸಿದ ಗ್ವಾಯಕಂ ಮರದ ಕಷಾಯವೇ ಅಲ್ಲಿನ ಮದ್ದು. ಆ ಮರದ ವ್ಯಾಪಾರದಲ್ಲಿ ಫುಗ್ಗರರೂ ಇದ್ದರು. ಮದ್ದು ನಿಜವಾಗಿ ವಾಸಿಮಾಡುತ್ತಿರಲಿಲ್ಲ ಎಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಊರು ಹೊರಗಟ್ಟಿದ ರೋಗಿಗೆ ಹಾಸಿಗೆ ಸಿಕ್ಕಿತೆಂಬುದು ಉಳಿಯುವ ಮಾತು.

ಒಳಗಿನ ಬಾಳಿನ ಕಡೆಗೆ ಬರೋಣ. ಗೋಡೆ ಸುತ್ತಿದ ಆ ಕೇರಿ ಊರೊಳಗಿನ ಊರು. ತನ್ನದೇ ಚರ್ಚು, ಕಾರಂಜಿ, ಓಣಿಗಳು, ಹೆಬ್ಬಾಗಿಲುಗಳು. ರಾತ್ರಿ ಹತ್ತಕ್ಕೆ ಬಾಗಿಲು ಹಾಕುತ್ತಾರೆ. ತಡವಾಗಿ ಬಂದವರು ಕಾವಲುಗಾರನನ್ನು ಎಬ್ಬಿಸಿ ಒಳಗೆ ಹೋಗಬೇಕು. ನಡುರಾತ್ರಿಯವರೆಗೆ ಅರ್ಧ ಯೂರೊ, ಆಮೇಲೆ ಬಂದರೆ ಒಂದು ಯೂರೊ ಕಾಣಿಕೆ. ವರ್ಷದ ಬಾಡಿಗೆಯೇ 88 ಸೆಂಟ್ ಇರುವಲ್ಲಿ ನಡುರಾತ್ರಿ ದಾಟಿದ ಒಂದು ತಡಕ್ಕೆ ಅದಕ್ಕಿಂತ ಹೆಚ್ಚು ತೆರಬೇಕಾಗುತ್ತದೆ. ಆ ಕಾವಲುಗಾರನೂ ಸಾಮಾನ್ಯವಾಗಿ ಅಲ್ಲಿನ ನಿವಾಸಿಯೇ. ತೋಟದ ಕೆಲಸ, ಚರ್ಚಿನ ಕೆಲಸ, ಬರುವವರಿಗೆ ಟಿಕೆಟ್ ಕೊಡುವ ಕೆಲಸ, ಇವನ್ನೂ ಒಳಗಿನವರೇ ಹಂಚಿಕೊಂಡು ಮಾಡುತ್ತಾರೆ. ಕೆಲಸವಿದ್ದಲ್ಲಿ ಮನುಷ್ಯ ತನ್ನನ್ನು ಬೇಡದವನೆಂದುಕೊಳ್ಳುವುದಿಲ್ಲ. ಒಂಟಿ ಮುಪ್ಪಿನವರ ಸಂಖ್ಯೆ ಹೆಚ್ಚಿರುವ ಇಂದಿನ ಫುಗ್ಗೆರೈಯಲ್ಲಿ ಇದಕ್ಕೆ ಹಿಂದೆಂದಿಗಿಂತ ಹೆಚ್ಚಿನ ಅರ್ಥವಿದೆ. ಸಮಾಜಕಾರ್ಯಕರ್ತರನ್ನೂ ದತ್ತಿಯೇ ನೇಮಿಸಿದೆ. ಮೊದಲ ಶತಮಾನಗಳಲ್ಲಿ ಮಕ್ಕಳ ಗಲಾಟೆಯಿಂದ ತುಂಬಿದ್ದ ಓಣಿಗಳಲ್ಲಿ ಈಗ ಮಕ್ಕಳು ಕಡಿಮೆ.

ನಿವಾಸಿಗಳಲ್ಲಿ ಇತಿಹಾಸ ಹೆಸರಿಟ್ಟು ನೆನೆಯುವವನು ಫ್ರಾನ್ಸ್ ಮೊಜಾರ್ಟ್. ಗಾರೆ ಕೆಲಸದ ಮೇಸ್ತ್ರಿ. ಬಡತನಕ್ಕೆ ಇಳಿದು 1681ರಿಂದ 1694ರಲ್ಲಿ ಸಾಯುವವರೆಗೆ ಇಲ್ಲಿದ್ದ. ಅವನ ಮೊಮ್ಮಗ ಲಿಯೊಪೋಲ್ಡ್ ಆಗ್ಸ್‌ಬರ್ಗಿನಲ್ಲಿ ಹುಟ್ಟಿ ಸಂಗೀತಗಾರನಾದ. ಮರಿಮಗ ವೊಲ್ಫ್‌ಗಾಂಗ್ ಅಮೆಡಿಯಸ್ ಮೊಜಾರ್ಟ್. ಈ ಸಂಬಂಧವನ್ನು ಫಲಕ ಹಾಕಿ ತೋರಿಸುತ್ತಾರೆ, ಜನ ನಿಂತು ಓದುತ್ತಾರೆ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಮೇಸ್ತ್ರಿಯ ಹದಿಮೂರು ವರ್ಷ. ಬದುಕು ಕುಸಿದ ಒಬ್ಬ ಕಸುಬುದಾರನ ಸಂಸಾರ ಬೀದಿಗೆ ಬೀಳಲಿಲ್ಲ. ಮರಿಮಗ ಯಾರೇ ಆಗಿದ್ದರೂ ಆ ಹದಿಮೂರು ವರ್ಷಗಳ ಬೆಲೆ ಕಡಿಮೆಯಾಗುತ್ತಿರಲಿಲ್ಲ. ಅವನ ಅಕ್ಕಪಕ್ಕದ ಮನೆಗಳಲ್ಲಿ ಬಾಳಿ ಹೋದವರ ಮರಿಮಕ್ಕಳ ಹೆಸರನ್ನು ಯಾರೂ ಕೇಳುವುದಿಲ್ಲ.

ಈಗ ಬಾಳಿಕೆಯ ಪ್ರಶ್ನೆ. ಮೂವತ್ತು ವರ್ಷಗಳ ಯುದ್ಧದಲ್ಲಿ, 1632ರಲ್ಲಿ ಸ್ವೀಡನ್ನಿನ ಸೇನೆ ಆಗ್ಸ್‌ಬರ್ಗನ್ನು ಹಿಡಿಯಿತು. 1642ರ ಹೊತ್ತಿಗೆ ಫುಗ್ಗೆರೈ ಬಹುಪಾಲು ಹಾಳಾಗಿತ್ತು. ಅಷ್ಟರಲ್ಲಿ ಫುಗ್ಗರ್ ವ್ಯಾಪಾರವೂ ಇಳಿಮುಖವಾಗಿತ್ತು. ಸ್ಪೇನಿನ ದೊರೆಗಳು 1557ರಿಂದ ಮತ್ತೆಮತ್ತೆ ಸಾಲ ತೀರಿಸಲಾರೆವೆಂದು ಕೈ ಚೆಲ್ಲಿದ್ದರಿಂದ ಯುರೋಪಿನ ಅತಿ ದೊಡ್ಡ ಸಂಸ್ಥೆ ಸೊರಗುತ್ತ ಬಂದು, 17ನೆಯ ಶತಮಾನದ ನಡುವಿನಲ್ಲಿ ಬಾಗಿಲು ಹಾಕಿತು. ಧರ್ಮದ ಗಂಟು ವ್ಯಾಪಾರದ ಗಂಟಿನೊಳಗೇ ಇದ್ದಿದ್ದರೆ ಎರಡೂ ಒಟ್ಟಿಗೆ ಮುಳುಗುತ್ತಿದ್ದವು. ಬೇರೆಯಾಗಿದ್ದರಿಂದ ಮನೆಗಳು ಮತ್ತೆ ಎದ್ದವು.

ಆ ಯುದ್ಧದ ನಂತರದ ಕಾಲದಲ್ಲಿ ಕಾಯುವವರು ಇನ್ನೊಂದು ನಿರ್ಧಾರಕ್ಕೆ ಬಂದರು. ದತ್ತಿಯ ಆಸ್ತಿಯನ್ನು ಬಡ್ಡಿಗೆ ಬಿಟ್ಟ ಹಣದಿಂದ ಕ್ರಮೇಣ ನೆಲ ಮತ್ತು ಕಾಡಿನ ಕಡೆಗೆ ತಿರುಗಿಸಿದರು. ಇಂದು ದತ್ತಿಗಳ ಒಡೆತನದಲ್ಲಿ ಸುಮಾರು 3,200 ಹೆಕ್ಟೇರ್ ಕಾಡಿದೆ; ಅದರ ಮರವೇ ಫುಗ್ಗೆರೈಯ ಮುಖ್ಯ ಆದಾಯ. ಕಟ್ಟಡಗಳ ಬಾಡಿಗೆ, ನೋಡಲು ಬರುವವರ ಟಿಕೆಟ್ ಹಣ ಅದಕ್ಕೆ ಒತ್ತಾಸೆ. 1923ರಲ್ಲಿ ಜರ್ಮನಿಯ ಮಾರ್ಕ್ ಬೆಲೆಯಿಲ್ಲದ ಕಾಗದವಾದಾಗ ನಗದಿನಲ್ಲಿದ್ದ ಅದೆಷ್ಟೋ ಹಳೆಯ ದತ್ತಿಗಳು ಒಂದೇ ವರ್ಷದಲ್ಲಿ ಇಲ್ಲವಾದವು. ಮರ ಬೆಳೆಯುತ್ತಲೇ ಇತ್ತು. ಬ್ಯಾಂಕಿನ ಠೇವಣಿಯ ಬಡ್ಡಿಯಿಂದ ಬಹುಮಾನ, ವಿದ್ಯಾರ್ಥಿವೇತನ, ಉಪನ್ಯಾಸಗಳನ್ನು ನಡೆಸುವ ನಮ್ಮ ಸಂಸ್ಥೆಗಳು ಈ ಸಂಗತಿಯನ್ನು ಗಮನವಿಟ್ಟು ಓದಬೇಕು. ಹತ್ತು ಸಾವಿರ ರೂಪಾಯಿಯ ದತ್ತಿ ನಲವತ್ತು ವರ್ಷಗಳ ಹಿಂದೆ ಏನು ಮಾಡುತ್ತಿತ್ತು, ಇಂದು ಏನು ಮಾಡಬಲ್ಲದು ಎಂಬುದು ಇಲ್ಲಿರುವ ಅನೇಕರಿಗೆ ಗೊತ್ತಿರುವ ಸಂಕಟ.

ಎರಡನೆಯ ನಾಶ 1944ರ ಫೆಬ್ರವರಿ 25–26ರ ರಾತ್ರಿಯದು. ಮೆಸ್ಸರ್‌ಶ್ಮಿಟ್ ಯುದ್ಧವಿಮಾನಗಳ ಕಾರ್ಖಾನೆಯಿದ್ದ ಆಗ್ಸ್‌ಬರ್ಗಿನ ಮೇಲೆ ಬಾಂಬಿನ ಮಳೆ ಸುರಿಯಿತು. ಹಳೆಯ ಊರಿನ ಜೊತೆಗೆ ಫುಗ್ಗೆರೈಯ ಬಹುಭಾಗವೂ ಉರಿದುಹೋಯಿತು. ಅದಕ್ಕೆ ಸ್ವಲ್ಪ ಮುಂಚೆ ಆವರಣದೊಳಗೇ ಕಟ್ಟಿಸಿದ್ದ ನೆಲದಡಿಯ ಬಂಕರಿನಲ್ಲಿ ನಿವಾಸಿಗಳು ಆಶ್ರಯ ಪಡೆದಿದ್ದರು. ಮಾರ್ಚ್ 1ರಂದು, ಅಂದರೆ ಒಂದು ವಾರವೂ ಕಳೆಯುವ ಮುನ್ನ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಮನೆತನದ ಹಿರಿಯರ ಮಂಡಳಿ ಸೇರಿ ಮತ್ತೆ ಕಟ್ಟುವುದೆಂದು ಬರೆದು ನಿರ್ಣಯಿಸಿತು. ದೇಶಕ್ಕೆ ನಾಳೆ ಇದೆಯೇ ಎಂಬುದೇ ತಿಳಿಯದ ದಿನಗಳಲ್ಲಿ ಮಾಡಿದ ನಿರ್ಣಯವದು. ಸ್ವಂತ ಕಾಡಿನ ಮರ ಆ ಕೆಲಸಕ್ಕೆ ಒದಗಿತು. ವಾಸ್ತುಶಿಲ್ಪಿ ರೈಮುಂಡ್ ಫೊನ್ ಡೊಬ್ಲ್‌ಹೋಫ್‌ನ ನೇತೃತ್ವದಲ್ಲಿ 1950ರ ದಶಕದ ನಡುವಿನ ಹೊತ್ತಿಗೆ ಹಳೆಯ ಮನೆಗಳು ಹಳೆಯ ರೂಪದಲ್ಲೇ ಎದ್ದವು. ಪಕ್ಕದ ಹಾಳುಬಿದ್ದ ನಿವೇಶನಗಳನ್ನು ಕೊಂಡು ಹೊಸ ಮನೆಗಳನ್ನೂ ಸೇರಿಸಿದರು. ಶಾಸನದ ಶಾಪಕ್ಕೆ ಹೆದರಿ ಯಾರೂ ಹೀಗೆ ಕಟ್ಟುವುದಿಲ್ಲ. ಹದಿನಾಲ್ಕು, ಹದಿನೈದು ತಲೆಮಾರು ಕಳೆದರೂ ಇದು ನಮ್ಮ ಆಸ್ತಿಯಲ್ಲ, ನಮ್ಮ ಹೊಣೆ ಎಂದುಕೊಂಡವರು ಮಾತ್ರ ಕಟ್ಟುತ್ತಾರೆ. ಇಂದಿಗೂ ಫುಗ್ಗರ್ ಮನೆತನದ ಮೂರು ಕವಲುಗಳ ಹಿರಿಯರೇ ಮೇಲ್ವಿಚಾರಣೆ ನಡೆಸುತ್ತಾರೆ.

ಆದರೆ ಈ ಬಾಳಿಕೆಗೊಂದು ಬೆಲೆಯೂ ಇದೆ. ಮೂರು ಲಕ್ಷದಷ್ಟು ಜನರ ನಗರದಲ್ಲಿ 150 ಜನರಿಗೆ ನೆಲೆ ಎಂದರೆ ಸಮುದ್ರದಲ್ಲಿ ಹನಿ. ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಒಳಗಿರುವವರ ಕಿಟಕಿಯ ಮುಂದೆ ದಿನವಿಡೀ ಪ್ರವಾಸಿಗರು ಓಡಾಡುತ್ತಾರೆ; ಒಮ್ಮೆ ನೋಡಿಹೋಗಲು ಅವರು ತೆರುವ ಹಣ ಒಳಗಿನವರ ಹಲವು ವರ್ಷಗಳ ಬಾಡಿಗೆಗೆ ಸಮ. ಬಡತನವನ್ನು ಮರೆಮಾಡಿ ಮರ್ಯಾದೆ ಉಳಿಸಲೆಂದು ಹುಟ್ಟಿದ ಕೇರಿ ತನ್ನ ಖ್ಯಾತಿಯಿಂದಲೇ ಬಯಲಿಗೆ ಬಿದ್ದಿದೆ. ಟಿಕೆಟ್ ಹಣವಿಲ್ಲದೆ ದುರಸ್ತಿ ಕಷ್ಟ ಎಂಬುದೂ ನಿಜ. ಆದ್ದರಿಂದ ವಾಸದ ಮನೆಗಳನ್ನು ಬಿಟ್ಟು, ಬೇರೆಯಾಗಿ ಇಟ್ಟ ಮಾದರಿ ಮನೆ, ಹಳೆಯ ಸಾಮಾನಿನ ಸಂಗ್ರಹಾಲಯ, ಬಂಕರಿನ ಪ್ರದರ್ಶನ ಇವನ್ನು ತೋರಿಸುವ ಏರ್ಪಾಡು ಮಾಡಿದ್ದಾರೆ. ಇದಕ್ಕಿಂತ ಒಳ್ಳೆಯ ದಾರಿ ನನಗೂ ತೋಚುವುದಿಲ್ಲ.

2021ರಲ್ಲಿ ಐನೂರು ವರ್ಷ ತುಂಬಿದ ಸಂದರ್ಭದಲ್ಲಿ ದತ್ತಿಯವರು ಹಳೆಯದನ್ನು ಹೊಗಳಿಕೊಳ್ಳುವುದಕ್ಕಷ್ಟೇ ನಿಲ್ಲಲಿಲ್ಲ. ಬೇರೆ ಊರುಗಳಲ್ಲಿ, ಬೇರೆ ದೇಶಗಳಲ್ಲಿ ಅಲ್ಲಲ್ಲಿನ ಅಗತ್ಯಕ್ಕೆ ತಕ್ಕ ಹೊಸ ಫುಗ್ಗೆರೈಗಳನ್ನು ಕಟ್ಟಬಹುದೆ ಎಂಬ ಚರ್ಚೆಗೆ ಕೈ ಹಾಕಿದರು. 2022ರಲ್ಲಿ ನಗರದ ಪುರಭವನದ ಚೌಕದಲ್ಲಿ ಮರದ ಮಂಟಪವೊಂದನ್ನು ನಿಲ್ಲಿಸಿ ವಾರಗಟ್ಟಲೆ ಆ ವಿಚಾರವನ್ನೇ ಮಾತಾಡಿದರು. ಹೊಸ ನೆಲಕ್ಕೆ ಹೋಗುವಾಗ ಬೇರೆ ಬಾಗಿಲಿನ ಮನೆಯನ್ನು, ಕೈಗೆಟುಕುವ ಬಾಡಿಗೆಯನ್ನು, ಬೇರೆಯಾಗಿ ನಿಂತ ಲೆಕ್ಕದ ಖಾತೆಯನ್ನು ಒಯ್ಯಬಹುದು. ಮತದ ಷರತ್ತನ್ನು ಹಳೆಯ ಪತ್ರದಲ್ಲೇ ಬಿಟ್ಟು ಹೋಗಬೇಕಾಗುತ್ತದೆ, ಬಿಟ್ಟು ಹೋಗುವುದು ಒಳ್ಳೆಯದು ಕೂಡ.

ಹಳೆಯ ಫುಗ್ಗೆರೈಯ ಮುಂದಿನ ಪರೀಕ್ಷೆ ಮಾತ್ರ ಓಣಿಗಳಲ್ಲಿಲ್ಲ, ಕಾಡಿನಲ್ಲಿದೆ. 2018ರಿಂದೀಚೆಗೆ ಬರಗಾಲ ಮತ್ತು ತೊಗಟೆ ಕೊರೆಯುವ ಹುಳುವಿನ ಹಾವಳಿಯಿಂದ ಜರ್ಮನಿಯ ಸ್ಪ್ರೂಸ್ ಕಾಡುಗಳು ಒಣಗುತ್ತಿವೆ. ಐನೂರು ವರ್ಷದ ಮಾತು ಕೊಟ್ಟವರು ಕಾಡಿನ ಒಡೆಯರಾಗಿದ್ದರೆ ಅವರ ಆತಂಕ ಈಗ ಮಳೆಯ ಲೆಕ್ಕದಲ್ಲಿದೆ. ಒಂದೇ ಜಾತಿಯ ಮರವನ್ನು ನೆಚ್ಚದೆ ಬೀಚ್, ಓಕ್ ಮುಂತಾದವನ್ನು ಬೆರೆಸಿ ನೆಡುವುದು ಈಗ ಬವೇರಿಯದ ಅರಣ್ಯ ನೀತಿ. ಓಕ್ ಮರ ಕಡಿಯುವ ಹದಕ್ಕೆ ಬರಲು ನೂರೈವತ್ತು ವರ್ಷವಾದರೂ ಬೇಕು. ಅದನ್ನು ನೆಡುವವರು ಅದರ ಹಣವನ್ನು ಕಾಣುವುದಿಲ್ಲ. ಅದರಿಂದ ದುರಸ್ತಿಯಾಗುವ ಮನೆಗಳಲ್ಲಿ ಬಾಳಲಿರುವವರು ಇನ್ನೂ ಹುಟ್ಟಿಲ್ಲ.